ಮೊಣಕಾಲಿಗೆ ತಡೆಯಾಜ್ಞೆ

ಈ ಊರಿನ ದೊಡ್ಡ ಮನುಷ್ಯರನ್ನೆಲ್ಲ ನಾನು ಕಾಲಿನಿಂದ ಗುರುತು ಹಿಡಿಯುತ್ತೇನೆ. ಮುಖ ತೋರಿಸಿದರೆ ಗೊತ್ತಾಗುವುದಿಲ್ಲ. ಕಾಲುಚೀಲ ತೋರಿಸಿದರೆ ಸಾಕು, ಯಾರು, ಏನು ಕೆಲಸ, ಮನೆಯಲ್ಲಿ ಮಾತುಕತೆ ಇದೆಯೋ ಬಿಟ್ಟಿದೆಯೋ, ಎಲ್ಲ ಹೇಳಿಬಿಡುತ್ತೇನೆ. ಹೆಬ್ಬೆರಳು ಹೊರಗೆ ಇಣುಕುವ ಕಾಲುಚೀಲ ಹಾಕಿಕೊಂಡು ಬಂದು "ಪ್ಯಾಂಟು ಒಂದು ನೂಲು ಉದ್ದ ಆಯ್ತು, ನಿಂಗೆ ಕಣ್ಣು ಕಾಣಲ್ವಾ" ಎಂದು ಬೈದ ವಕೀಲರನ್ನು ನೋಡಿದ್ದೇನೆ. ಕಾಣುತ್ತದೆ ಸ್ವಾಮಿ, ಎಲ್ಲ ಕಾಣುತ್ತದೆ. ಬಾಯಲ್ಲಿ ಪಿನ್ನಿದೆ, ಅದಕ್ಕೇ ಸುಮ್ಮನಿದ್ದೇನೆ.

ನನ್ನ ಕೆಲಸ ಬಟ್ಟೆ ಅಂಗಡಿಯಲ್ಲಿ ಆಲ್ಟ್ರೇಷನ್. ಗಿರಾಕಿ ಹೊಸ ಪ್ಯಾಂಟು ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುತ್ತಾನೆ. ನಾನು ಅವನ ಕಾಲ ಬುಡದಲ್ಲಿ ಮೊಣಕಾಲೂರಿ ಕೂತು, ಅಂಚು ಮಡಿಸಿ, ಸುತ್ತ ಪಿನ್ನು ಚುಚ್ಚುತ್ತೇನೆ. ಅವನು ಕನ್ನಡಿ ನೋಡಿಕೊಳ್ಳುತ್ತಾನೆ, ಫೋನಿನಲ್ಲಿ ಮಾತಾಡುತ್ತಾನೆ, ಕೆಲವೊಮ್ಮೆ ಬೂಟಿನ ತುದಿಯಿಂದ ನನ್ನನ್ನು ಒಂಚೂರು ಆಚೆ ತಳ್ಳುತ್ತಾನೆ. ಬಾಯಲ್ಲಿ ಪಿನ್ನು ಕಚ್ಚಿಕೊಂಡವಳು ತಿರುಗಿ ಮಾತಾಡುವ ಹಾಗಿಲ್ಲ. ಮಾತಾಡಿದರೆ ನುಂಗಬೇಕಾಗುತ್ತದೆ. ಜೊತೆಯ ಹೆಂಗಸರು ನನಗೆ ಪಿನ್ನಕ್ಕ ಎಂದು ಹೆಸರಿಟ್ಟರು. ನೆಲಕ್ಕೆ ಒತ್ತಿ ಒತ್ತಿ ನನ್ನ ಮೊಣಕಾಲಿನ ಚರ್ಮ ಕಪ್ಪಾಗಿ ದಪ್ಪವಾಗಿದೆ. ಚಿವುಟಿದರೆ ನೋವೇ ಆಗುವುದಿಲ್ಲ. ನಮ್ಮತ್ತೆ ಅದನ್ನು ನೋಡಿ ಒಂಟೆ ಮೊಣಕಾಲು ಎಂದರು. ನಮ್ಮತ್ತೆ ಒಂಟೆಯನ್ನು ಕಂಡವರೇ ಅಲ್ಲ, ಆದರೂ ಸರಿಯಾಗಿಯೇ ಹೇಳಿದರು.

ಅಂಗಡಿ ಎಂದರೆ ಮೂರು ಮಹಡಿ. ಗಾಜು, ತಣ್ಣನೆ ಗಾಳಿ, ಸಣ್ಣಗೆ ಸಂಗೀತ. ನಾವು ಒಂಬತ್ತು ಹೆಂಗಸರು ಅದರ ಕೆಳಗೆ, ನೆಲಮಾಳಿಗೆಯಲ್ಲಿ, ಜನರೇಟರಿನ ಪಕ್ಕ. ಗಿರಾಕಿ ಇದ್ದಾಗ ಕರೆ ಬಂದರೆ ಮೇಲೆ ಹೋಗುವುದು, ಪಿನ್ನು ಚುಚ್ಚಿ ಕೆಳಗೆ ಬಂದು ಹೊಲಿಯುವುದು. ಬರುವುದು ಹೋಗುವುದು ಹಿಂದಿನ ಬಾಗಿಲಿನಿಂದ, ಹಿಂದಿನ ಮೆಟ್ಟಿಲಿನಿಂದ. ಮುಂದಿನ ಮೆಟ್ಟಿಲು ಗಿರಾಕಿಗಳಿಗೆ. ಕಕ್ಕಸು ಕೂಡ ಗಿರಾಕಿಗಳಿಗೆ. ನಮಗೆ ಬಂದರೆ ರಸ್ತೆ ದಾಟಿ ಬಸ್ ನಿಲ್ದಾಣಕ್ಕೆ ಹೋಗಬೇಕು. ಈ ನಿಯಮ ಮಾಡಿದ್ದು ಅಂಗಡಿಯ ಕಂಪನಿಯಲ್ಲ, ಕಟ್ಟಡದ ಯಜಮಾನರು. ಅಂಗಡಿ ಕಂಪನಿಯದು, ಕಟ್ಟಡ ಅವರದು. ಕಂಪನಿ ಅವರಿಗೆ ಬಾಡಿಗೆ ಕೊಡುತ್ತಿತ್ತು, ಅವರು ನಮಗೆ ನಿಯಮ ಕೊಡುತ್ತಿದ್ದರು.

ಹೊಲಿಗೆ ಮಷೀನು ನಮ್ಮದೇ ತರಬೇಕು. ಅದು ಈ ಕಸುಬಿನ ಕಟ್ಟಳೆ. ಅಂಗಡಿ ಜಾಗ ಕೊಡುತ್ತದೆ, ದೀಪ ಕೊಡುತ್ತದೆ, ಬೈಗುಳ ಕೊಡುತ್ತದೆ. ಮಷೀನು, ಕತ್ತರಿ, ಟೇಪು ನಮ್ಮದು. ಮಷೀನಿಲ್ಲದ ಹೆಂಗಸನ್ನು ಯಾವ ಅಂಗಡಿಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾನು ತಂದದ್ದು ನಮ್ಮತ್ತೆಯ ಮಷೀನು. ಕಾಲಲ್ಲಿ ತುಳಿಯುವಂಥದ್ದು, ಕಬ್ಬಿಣದ ಸ್ಟ್ಯಾಂಡು. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದು ಅತ್ತೆ ಅದರಲ್ಲೇ ನನ್ನ ಗಂಡನನ್ನು ಸಾಕಿದರು. ಸಾಕಿಸಿಕೊಂಡವನು ಲಾರಿ ಓಡಿಸಲು ಹೋದ. ಈಗ ಬಟ್ಟೆ ಒಗೆಸಿಕೊಳ್ಳಲು ಮನೆಗೆ ಬರುತ್ತಾನೆ. ಕಣ್ಣು ಮಂಜಾದ ಮೇಲೆ ಅತ್ತೆ ಮಷೀನನ್ನು ನನ್ನ ಕೈಗೆ ಕೊಟ್ಟರು.

"ನಿಂಗೆ ಮಗನ್ನ ಕೊಟ್ಟಾಗ ಅಳು ಬರಲಿಲ್ಲ ಕಣೇ," ಎಂದರು. "ಇದನ್ನ ಕೊಡೋಕೆ ಬರ್ತಿದೆ."

ಅಂಗಡಿಗೆ ಎಲ್ಲರಿಗಿಂತ ಮೊದಲು ಮಷೀನು ತಂದವಳು ನಾನು. ಆ ದಿನ ಸ್ಟ್ಯಾಂಡಿನ ಒಂದು ತುದಿ ನಾನು ಹಿಡಿದಿದ್ದೆ, ಇನ್ನೊಂದು ತುದಿ ಗುಂಡಿ ಹಿಡಿದಿದ್ದಳು. ಗುಂಡಿ ಎಂದರೆ ನಮ್ಮಲ್ಲಿ ಶರ್ಟಿಗೆ ಗುಂಡಿ ಹೊಲಿಯುವವಳು. ಹೆಸರಿಗೆ ತಕ್ಕಂತೆ ದುಂಡಗಿದ್ದಾಳೆ, ಬಾಯಿ ಮಾತ್ರ ಕತ್ತರಿ. ಹಿಂದಿನ ಮೆಟ್ಟಿಲು ಇಳಿಯುವಾಗ ಸ್ಟ್ಯಾಂಡಿನ ಕಾಲು ತಾಗಿ ಒಂದು ಮೆಟ್ಟಿಲಿನ ಮೂಲೆ ಚಕ್ಕೆ ಎದ್ದಿತು. ಯಜಮಾನರು ಎಲ್ಲಿದ್ದರೋ, ಪ್ರತ್ಯಕ್ಷವಾದರು.

"ನಿನ್ನ ಮಷೀನು ನನ್ನ ಮೆಟ್ಟಿಲು ಒಡೀತು. ದುಡ್ಡಿಡು."

ನಾನು ಕಂಪನಿಯವರನ್ನು ಕೇಳಿ ಎಂದೆ. "ಕಂಪನಿಗೂ ಇದಕ್ಕೂ ಏನು ಸಂಬಂಧ? ಮಷೀನು ನಿಂದು, ದುಡ್ಡು ನಿಂದು," ಎಂದರು. ಮೊದಲ ತಿಂಗಳ ಸಂಬಳದ ಅರ್ಧ ಅಲ್ಲಿಗೇ ಹೋಯಿತು. ಆ ರುಚಿ ಹತ್ತಿದ ಮೇಲೆ ಯಜಮಾನರು ಉಳಿದ ಎಂಟು ಹೆಂಗಸರ ಹತ್ತಿರವೂ ಮಷೀನು ತಂದ ದಿನ ದುಡ್ಡು ತೆಗೆದುಕೊಂಡರು. ಅವರ್ಯಾರೂ ಏನೂ ಒಡೆದಿರಲಿಲ್ಲ. ಮೆಟ್ಟಿಲು ಸವೆಯುತ್ತದಂತೆ. ನಾವು ಅದಕ್ಕೆ ಮೆಟ್ಟಿಲ ದುಡ್ಡು ಎನ್ನುತ್ತಿದ್ದೆವು. ಆ ಮೆಟ್ಟಿಲಿನ ಮೂಲೆ ಇವತ್ತಿಗೂ ಹಾಗೇ ಮುರಿದಿದೆ.

ಇನ್ನು ಸ್ಟಿಕ್ಕರಿನ ವಿಷಯ. ಇದರಲ್ಲಿ ತಪ್ಪು ನಮ್ಮದೇ.

ಕಂಪನಿಯವರು ಆಗಾಗ ಅಂಗಡಿಯ ಸಾಮಾನು ಎಣಿಸುತ್ತಿದ್ದರು. ಕಂಪನಿಯ ಸ್ಟಿಕ್ಕರ್ ಇಲ್ಲದ ಸಾಮಾನೆಲ್ಲ ಹೊರಗಿನದು, ಅಂಗಳಕ್ಕೆ ಎಳೆದು ಹಾಕು. ಹೀಗೆ ನಮ್ಮ ಮಷೀನುಗಳು ಹಿಂದಿನ ಅಂಗಳದಲ್ಲಿ ಬಿಸಿಲಿಗೆ ಬೀಳುತ್ತಿದ್ದವು. ಎಣಿಕೆ ಮುಗಿದ ಮೇಲೆ ನಾವೇ ಮತ್ತೆ ಎಳೆದು ತರಬೇಕು. ಸೊಂಟ ಬಿದ್ದುಹೋಗುತ್ತಿತ್ತು. ಒಂದು ದಿನ ಮ್ಯಾನೇಜರಿಗೆ ಕರುಣೆ ಬಂತು. ಕಂಪನಿ ಸ್ಟಿಕ್ಕರ್‌ಗಳ ಒಂದು ಹಾಳೆ ಕೊಟ್ಟು, "ಅಂಟಿಸಿಕೊಳ್ಳಿ, ಆಮೇಲೆ ಯಾರೂ ಮುಟ್ಟಲ್ಲ," ಎಂದರು. ನಾವು ಖುಷಿಯಾಗಿ ಅಂಟಿಸಿಕೊಂಡೆವು. ಗುಂಡಿ ಅಂತೂ ಕಿತ್ತುಹೋಗದಿರಲಿ ಎಂದು ನನ್ನ ಮಷೀನಿನ ಸ್ಟಿಕ್ಕರಿನ ಮೇಲೆ ಪಾರದರ್ಶಕ ಟೇಪು ಕೂಡ ಅಂಟಿಸಿದಳು. ನಮ್ಮ ಕುತ್ತಿಗೆಗೆ ನಾವೇ ಹಗ್ಗ ಹಾಕಿಕೊಂಡು, ಗಂಟು ಬಿಗಿಯಾಗಿದೆಯಾ ಎಂದು ಎಳೆದೂ ನೋಡಿದ ಹಾಗಾಯಿತು.

ಆಮೇಲೆ ಕಂಪನಿ ಮಕಾಡೆ ಮಲಗಿತು.

ಬೆಳಿಗ್ಗೆ ಬಂದರೆ ಮುಂದಿನ ಷಟರು ಅರ್ಧ ಇಳಿದಿತ್ತು, ಅದರ ಮೇಲೆ ನ್ಯಾಯಾಲಯದ ನೋಟಿಸು. ಮ್ಯಾನೇಜರ ಫೋನು ಸತ್ತಿತ್ತು. ನಮ್ಮ ಸಂಬಳ ಬಾಕಿ. ಬಟ್ಟೆ ಕೊಟ್ಟ ವ್ಯಾಪಾರಿಗಳು ಬಂದರು, ಸಾಲ ಕೊಟ್ಟ ಬ್ಯಾಂಕಿನವರು ಬಂದರು. ಕಟ್ಟಡದ ಯಜಮಾನರು ತೆಂಗಿನಕಾಯಿ ಗಾತ್ರದ ಬೀಗ ಹಿಡಿದುಕೊಂಡು ಬಂದರು. ತಿಂಗಳುಗಟ್ಟಲೆ ಬಾಡಿಗೆ ಬಂದಿಲ್ಲ, ಇವತ್ತೇ ಕಂಪನಿಯನ್ನು ಹೊರಗೆ ಹಾಕಿ ಬೀಗ ಜಡಿಯುತ್ತೇನೆ ಎಂದು ಬೀದಿಗೆಲ್ಲ ಕೇಳಿಸುವಂತೆ ಕೂಗಿದರು.

ಆಗ ಒಳಗಿಂದ ಬಗ್ಗಿ ಹೊರಗೆ ಬಂದವರು ದಿವಾಳಿ ಅಧಿಕಾರಿ. ನ್ಯಾಯಾಲಯ ನೇಮಿಸಿದವರು. ತೆಳ್ಳನೆ ಮನುಷ್ಯ, ಇಸ್ತ್ರಿ ಮಾಡಿದ ಮಾತು. ಪ್ಯಾಂಟು ಒಂದು ಬೆರಳು ಉದ್ದವಾಗಿ ನೆಲ ಗುಡಿಸುತ್ತಿತ್ತು. ಅದನ್ನು ಅವತ್ತೇ ನೋಡಿಕೊಂಡೆ.

"ಯಾರೂ ಬೀಗ ಹಾಕೋ ಹಾಗಿಲ್ಲ," ಎಂದರು. "ತಡೆಯಾಜ್ಞೆ ಇದೆ."

"ಬಾಡಿಗೆ ಕೊಡಿ ಹಾಗಾದ್ರೆ," ಎಂದರು ಯಜಮಾನರು.

"ಹಳೇ ಬಾಕಿ ಕೇಳೋ ಹಾಗಿಲ್ಲ. ತಡೆಯಾಜ್ಞೆ ಇದೆ."

"ಜಾಗ ಖಾಲಿ ಮಾಡಿ!"

"ಮಾಡಿಸೋ ಹಾಗಿಲ್ಲ. ತಡೆಯಾಜ್ಞೆ ಇದೆ."

"ರೀ ಸ್ವಾಮಿ, ಇದು ನನ್ನ ಕಟ್ಟಡ! ಮೆಟ್ಟಿಲ ಮೇಲೆ ಕೂತ್ಕೊಳ್ಳೋಕಾದ್ರೂ ಬಿಡ್ತೀರಾ ಇಲ್ವಾ?"

ಅಧಿಕಾರಿ ಒಂದು ಕ್ಷಣ ಯೋಚನೆ ಮಾಡಿದರು. ದೇವರಾಣೆ, ನಿಜವಾಗಿಯೂ ಯೋಚನೆ ಮಾಡಿದರು. "ಹಿಂದಿನ ಮೆಟ್ಟಿಲ ಮೇಲೆ ಕೂತ್ಕೊಳ್ಳಿ," ಎಂದರು. ಗುಂಡಿ ಅವತ್ತಿಂದ ಆ ಮನುಷ್ಯನನ್ನು ತಡೆಯಾಜ್ಞೆ ಸಾಹೇಬರು ಎಂದೇ ಕರೆದಳು.

ನಮಗೆ ಅರ್ಥವಾದದ್ದು ಇಷ್ಟು. ಕಂಪನಿ ಸತ್ತಿಲ್ಲ, ಪ್ರಜ್ಞೆ ತಪ್ಪಿದೆ. ಅದು ಏಳುವವರೆಗೆ, ಇಲ್ಲವೇ ಯಾರಾದರೂ ಅದನ್ನು ಕೊಂಡುಕೊಳ್ಳುವವರೆಗೆ, ಯಾರೂ ಅದರ ಜೇಬಿಗೆ ಕೈ ಹಾಕುವಂತಿಲ್ಲ. ಸಾಲ ಕೊಟ್ಟವರು ಸಭೆ ಸೇರಿ ಏನು ಮಾಡಬೇಕೆಂದು ತೀರ್ಮಾನಿಸುತ್ತಾರೆ. ಸಭೆ ಎಂದರೆ ಬ್ಯಾಂಕು. ಬಟ್ಟೆ ಕೊಟ್ಟವರು, ಕಟ್ಟಡ ಕೊಟ್ಟವರು, ಬೆವರು ಸುರಿಸಿದವರು, ನಾವೆಲ್ಲ ಹೊರಗೆ. ನಮ್ಮ ಪಾಲಿಗೆ ಏನಾದರೂ ಉದುರಿದರೆ ಆಯ್ದುಕೊಳ್ಳಬೇಕು. ಸರಿ, ಅದನ್ನೂ ಒಪ್ಪಿಕೊಳ್ಳೋಣ. ಆದರೆ ಪ್ರಜ್ಞೆ ತಪ್ಪಿ ಬಿದ್ದವನ ಜೇಬಿನಲ್ಲಿ ಪಕ್ಕದವನ ಸಾಮಾನು ಸೇರಿಕೊಂಡಿದ್ದರೆ?

ನಾನು ತಡೆಯಾಜ್ಞೆ ಸಾಹೇಬರ ಮುಂದೆ ನಿಂತೆ.

"ಸಾರ್, ಮಷೀನು ತಗೊಂಡು ಹೋಗ್ತೀನಿ."

"ಬಾಕಿ ಸಂಬಳಕ್ಕೆ ಅರ್ಜಿ ಹಾಕಮ್ಮ. ಸರದಿಯಲ್ಲಿ ನೋಡೋಣ."

"ಸಂಬಳ ಆಮೇಲೆ. ನಾನು ಕೇಳ್ತಿರೋದು ಮಷೀನು. ಅದು ನಮ್ಮತ್ತೇದು."

"ಅದರ ಮೇಲೆ ಕಂಪನಿ ಸ್ಟಿಕ್ಕರ್ ಇದೆ. ಸ್ಟಿಕ್ಕರ್ ಇರೋದೆಲ್ಲ ಕಂಪನಿ ಆಸ್ತಿ. ಬ್ಯಾಂಕಿಗೆ ಅಡವಿದೆ."

"ನಮ್ಮತ್ತೆ ಮಷೀನನ್ನ ಬ್ಯಾಂಕಿಗೆ ಅಡವಿಟ್ಟೋರು ಯಾರು ಸಾರ್? ನಮ್ಮತ್ತೆ ಬ್ಯಾಂಕಿನ ಬಾಗಿಲನ್ನೇ ನೋಡಿಲ್ಲ."

"ನಿಮ್ಮದು ಅಂತ ತೋರಿಸಿದ್ರೆ ಕಾನೂನಿನಲ್ಲಿ ದಾರಿ ಇದೆ. ರಸೀದಿ ಇದೆಯಾ?"

ನಾನು ಹುಟ್ಟಿದ್ದಕ್ಕೇ ನಮ್ಮಪ್ಪ ಕಾಗದ ಮಾಡಿಸಿಲ್ಲ. ನನ್ನ ಮದುವೆಗೂ ಎಷ್ಟೋ ಮುಂಚೆ, ಯಾವುದೋ ಹಳೇ ಸಾಮಾನಿನವನ ಹತ್ತಿರ ಅತ್ತೆ ಚೌಕಾಸಿ ಮಾಡಿ ಕೊಂಡ ಮಷೀನಿಗೆ ರಸೀದಿ ಎಲ್ಲಿಂದ ತರಲಿ? ಹಾಗೆಂದು ಹೇಳಿದೆ. "ಹಾಗಾದ್ರೆ ಯಾರಾದರೂ ಗೌರವಸ್ಥರ ಹೇಳಿಕೆ ತನ್ನಿ," ಎಂದರು. ಒಂಬತ್ತು ಹೆಂಗಸರು ಒಟ್ಟಿಗೆ ಹೇಳುತ್ತೇವೆ ಎಂದೆವು. ಅವರು ನಮ್ಮನ್ನೊಮ್ಮೆ ನೋಡಿ, ಗೌರವಸ್ಥರು ಎಂದು ಇನ್ನೊಮ್ಮೆ ಹೇಳಿದರು.

ಹೊಟ್ಟೆ ಉರಿದುಹೋಯಿತು. ಸಂಬಳ ಹೋದದ್ದಕ್ಕೂ ಅಷ್ಟು ಉರಿದಿರಲಿಲ್ಲ. ಕೂಲಿ ಮುಳುಗುವುದು ನಮಗೆ ಅಭ್ಯಾಸ. ಆದರೆ ಮನೆಯಿಂದ ಹೊತ್ತುಕೊಂಡು ಹೋದದ್ದನ್ನು ಕೂಡ ಕಳೆದುಕೊಂಡು ಬರುವುದೆಂದರೆ ಏನು? ನಾನು ಕಂಪನಿಗೆ ಸಾಲ ಕೊಟ್ಟಿಲ್ಲ, ಲಾಭ ತಿಂದಿಲ್ಲ. ದಿವಾಳಿಯಲ್ಲಿ ಮಾತ್ರ ನನಗೆ ಪಾಲು ಕೊಟ್ಟರು.

ಮನೆಗೆ ಹೋದರೆ ಅತ್ತೆಯದು ದಿನಾ ಒಂದೇ ಪ್ರಶ್ನೆ. "ನನ್ನ ಮಷೀನು ಎಲ್ಲೇ?"

"ತಡೆಯಾಜ್ಞೆ ಇದೆ ಅತ್ತೆ."

"ಅದಕ್ಕೇನು ಕಾಯಿಲೆ?"

"ಕಂಪನಿಗೆ ಕಾಯಿಲೆ."

"ಕಂಪನಿ ಹಾಳಾಗಿ ಹೋಗಲಿ. ಇವಳೊಬ್ಬಳು, ಹೊತ್ಕೊಂಡು ಹೋಗುವಾಗ ಇದ್ದ ಬಾಯಿ ವಾಪಸ್ ಕೇಳುವಾಗ ಎಲ್ಲಿಟ್ಟು ಬರ್ತೀಯೇ?" ಎಂದು ಅತ್ತೆ ಗೋಡೆ ಕಡೆ ತಿರುಗಿ ಕೂತರು. ಮಷೀನು ಇದ್ದ ಮೂಲೆಯನ್ನು ಅವರು ಇನ್ನೂ ಖಾಲಿ ಇಟ್ಟಿದ್ದರು. ಅಲ್ಲಿ ಕೊಡ ಇಡಲೂ ಬಿಡುತ್ತಿರಲಿಲ್ಲ. ಬೇರೆ ಎರಡು ಅಂಗಡಿಗಳಲ್ಲಿ ಕೆಲಸ ಕೇಳಿದ್ದೆ. ಇಬ್ಬರೂ ಮಷೀನು ಎಲ್ಲಿ ಎಂದು ಕೇಳಿ, ಇಲ್ಲ ಎಂದ ಕೂಡಲೇ ಮುಖ ತಿರುಗಿಸಿದರು.

ಹಿಂದಿನ ಮೆಟ್ಟಿಲ ಮೇಲೆ ಈಗ ದಿನಾ ಸಭೆ. ನಾವು ಒಂಬತ್ತು ಜನ, ಜೊತೆಗೆ ಕಟ್ಟಡದ ಯಜಮಾನರು. ಅವರಿಗೆ ಮುಂದಿನ ಬಾಗಿಲು ಮುಚ್ಚಿತ್ತು. ಬಿಸಿಲಿಗೆ ಬೆವರುತ್ತ, ಕರವಸ್ತ್ರ ಹಾಸಿಕೊಂಡು, ನಮ್ಮ ಪಕ್ಕದಲ್ಲೇ ಕೂರುತ್ತಿದ್ದರು. ಒಂದು ದಿನ ಹೊಟ್ಟೆ ಹಿಡಿದುಕೊಂಡು ಎದ್ದವರಿಗೆ ಗುಂಡಿ ತುಂಬ ವಿನಯದಿಂದ ಬಸ್ ನಿಲ್ದಾಣದ ದಾರಿ ತೋರಿಸಿದಳು. "ಬೇಗ ಹೋಗಿ ಯಜಮಾನ್ರೇ, ಆಮೇಲೆ ಸಾಲು ಜಾಸ್ತಿಯಾಗುತ್ತೆ."

ಅವರು ವಾಪಸು ಬಂದು ನಿಟ್ಟುಸಿರು ಬಿಟ್ಟರು. "ನೋಡಮ್ಮ, ಈಗ ನಾವು ನೀವು ಎಲ್ಲ ಒಂದೇ."

"ಒಂದೇ ಆದ್ರೆ ಒಂದು ಉಪಕಾರ ಮಾಡಿ," ಎಂದೆ. "ಆ ಸಾಹೇಬರಿಗೆ ಒಂದು ಮಾತು ಹೇಳಿ. ಮಷೀನು ನಮ್ಮದು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೆಟ್ಟಿಲ ದುಡ್ಡು ತಗೊಂಡಿದ್ದೀರಿ. ನೀವು ಗೌರವಸ್ಥರು ಬೇರೆ."

ಯಜಮಾನರು ಮುರಿದ ಮೆಟ್ಟಿಲನ್ನು ನೋಡಿದರು, ಆಕಾಶ ನೋಡಿದರು. "ಈಗ ಬೇಡಮ್ಮ. ಕಂಪನಿ ಕೊಳ್ಳೋಕೆ ಯಾರೋ ಬರ್ತಾ ಇದ್ದಾರೆ. ಅವರು ಕೊಂಡ್ರೆ ನನ್ನ ಬಾಡಿಗೆ ಶುರುವಾಗುತ್ತೆ. ಒಳಗಿನ ಸಾಮಾನು ಕಮ್ಮಿ ಆಯ್ತು ಅಂತ ಅವರು ಓಡಿಹೋದ್ರೆ? ನಿನ್ನ ಒಂದು ಮಷೀನಿಗೋಸ್ಕರ ನನ್ನ ಇಡೀ ಕಟ್ಟಡ ಹಾಳು ಮಾಡ್ಕೊಳ್ಳಲಾ?"

"ಆಗ ಮಷೀನು ನಂದು ಅಂದ್ರಿ."

"ಆಗ ಬೇರೆ ವಿಷಯ ಇತ್ತು," ಎಂದರು.

ಕೊಳ್ಳುವವರು ಬರುವ ಹಿಂದಿನ ದಿನ ತಡೆಯಾಜ್ಞೆ ಸಾಹೇಬರೇ ಹಿಂದಿನ ಮೆಟ್ಟಿಲಿಗೆ ಬಂದರು. ನಾಳೆ ಅಂಗಡಿ ನಡೆಯುತ್ತಿರುವಂತೆ ಕಾಣಬೇಕು. ಸತ್ತ ಅಂಗಡಿಗೆ ಬೆಲೆ ಕಮ್ಮಿ, ನಡೆಯುವ ಅಂಗಡಿಗೆ ಜಾಸ್ತಿ. ಆದ್ದರಿಂದ ನಾವೆಲ್ಲ ಬಂದು ನಮ್ಮ ನಮ್ಮ ಮಷೀನಿನ ಮುಂದೆ ಕೂತು ತುಳಿಯಬೇಕು. ಹಳೇ ಸಂಬಳಕ್ಕೆ ತಡೆ, ಆದರೆ ನಾಳಿನ ಕೂಲಿ ಕೈಗೇ ಕೊಡುತ್ತಾರೆ.

"ಏನು ಹೊಲಿಯೋದು ಸಾರ್?" ಎಂದಳು ಗುಂಡಿ.

"ಏನಾದರೂ. ಶಬ್ದ ಬಂದ್ರೆ ಸಾಕು."

ನಾವು ಒಪ್ಪಿಕೊಂಡೆವು. ಕೂಲಿಗೆ ಒಪ್ಪಿಕೊಂಡೆವು ಎಂದರೆ ಅದು ಅರ್ಧ ನಿಜ. ಮಷೀನಿನ ಹತ್ತಿರ ಹೋಗಿ ಎಷ್ಟೋ ದಿನವಾಗಿತ್ತು. ಅವತ್ತೇ ಕೆಳಗೆ ಹೋಗಿ ಚಕ್ರಕ್ಕೆ ಕೈ ಇಟ್ಟಾಗ ಅದು ತಣ್ಣಗೆ, ಧೂಳು ಹಿಡಿದು ಕೂತಿತ್ತು. ಸೆರಗಿನಿಂದ ಒರೆಸಿದೆ. ಒರೆಸುವಾಗ ಅಳು ಬಂತು. ಯಾರಿಗೂ ಕಾಣಬಾರದೆಂದು ಎಣ್ಣೆ ಹಾಕುವ ನೆಪದಲ್ಲಿ ಬಗ್ಗಿಕೊಂಡೆ.

ಮರುದಿನ ಬೆಳಿಗ್ಗೆ ಒಂಬತ್ತು ಮಷೀನೂ ತುಳಿದೆವು. ಒಂದೊಂದರಲ್ಲೂ ಒಂದೊಂದು ಹಳೇ ಚಿಂದಿ. ಗುಂಡಿ ಒಂದು ಟವೆಲ್ಲಿಗೆ ಗುಂಡಿ ಹೊಲಿಯುತ್ತಿದ್ದಳು. ಕೊಳ್ಳುವವರು ಮೇಲಿನ ಮಹಡಿಗಳನ್ನು ನೋಡುತ್ತಿದ್ದರು. ಅವರನ್ನು ಕೆಳಗೆ ಕರೆತರಲು ದಾರಿ ಸರಿಯಿದೆಯಾ ನೋಡೋಣ ಎಂದು ತಡೆಯಾಜ್ಞೆ ಸಾಹೇಬರು ಅವಸರದಲ್ಲಿ ಮೆಟ್ಟಿಲು ಇಳಿದರು. ಉದ್ದದ ಪ್ಯಾಂಟು, ಬೂಟಿನ ಹಿಮ್ಮಡಿ ಅಂಚಿಗೆ ಸಿಕ್ಕಿ ಹೊಲಿಗೆ ಚರ್ರೆಂದು ಬಿಚ್ಚಿತು. ಒಂದು ಕಾಲಿನ ಪ್ಯಾಂಟು ಬೂಟಿನ ಮೇಲೆ ಜೋಲಾಡಿತು.

"ಏ, ಪಿನ್ನಕ್ಕ, ಬೇಗ! ಅವರು ಬಂದೇ ಬಿಟ್ರು," ಎಂದು ಕಾಲು ಮುಂದೆ ಚಾಚಿದರು.

ಮೊದಲಾಗಿದ್ದರೆ ಕಾಲು ಚಾಚುವ ಮುಂಚೆಯೇ ನಾನು ನೆಲಕ್ಕೆ ಬಿದ್ದಿರುತ್ತಿದ್ದೆ. ದೇಹ ತಾನಾಗಿಯೇ ಬಗ್ಗುತ್ತದೆ, ಕೇಳುವುದೇ ಬೇಡ. ಅವತ್ತೂ ಸೊಂಟ ಅರ್ಧ ಬಗ್ಗಿತು. ಎದುರಿಗೆ ಬೂಟು ಕಂಡಿತು. ಅದರ ಹಿಂದೆ ನಮ್ಮತ್ತೆಯ ಮಷೀನಿನ ಮೇಲೆ ಸ್ಟಿಕ್ಕರ್ ಕಂಡಿತು. ಬಗ್ಗಿದ್ದವಳು ಎದ್ದು ನಿಂತೆ.

"ಆಗಲ್ಲ ಸಾರ್."

"ಯಾಕೆ?"

"ಮೊಣಕಾಲು ದಿವಾಳಿಯಾಗಿದೆ. ತಡೆಯಾಜ್ಞೆ ಇದೆ."

ಮಷೀನುಗಳೆಲ್ಲ ಒಮ್ಮೆಗೇ ನಿಂತವು. ಸಾಹೇಬರು ನನ್ನನ್ನು ನೋಡಿದರು, ಕಾಲು ನೋಡಿಕೊಂಡರು. ಮೇಲಿನಿಂದ ಮಾತು ಕೇಳಿಸುತ್ತಿತ್ತು.

"ಈಗೇನು ಮಾಡೋದು?"

"ನೀವು ಮೇಲೆ ಬನ್ನಿ," ಎಂದು ಬಟ್ಟೆ ಕತ್ತರಿಸುವ ದೊಡ್ಡ ಮೇಜನ್ನು ತೋರಿಸಿದೆ. "ನಾನು ನಿಂತ್ಕೊಂಡೇ ಚುಚ್ತೀನಿ."

ಬೇರೆ ದಾರಿ ಇರಲಿಲ್ಲ. ಹತ್ತಿದರು. ಗುಂಡಿ ಕೈ ಹಿಡಿದು ಹತ್ತಿಸಿದಳು. ಮೇಜು ಒಂಚೂರು ಅಲ್ಲಾಡುತ್ತದೆ, ಅದನ್ನು ಅವಳು ಹತ್ತಿಸಿದ ಮೇಲೆ ಹೇಳಿದಳು. ನಾನು ನೆಟ್ಟಗೆ ನಿಂತು ಬಾಯಿಗೆ ಪಿನ್ನು ಹಾಕಿಕೊಂಡೆ. ಎರಡೂ ಕಾಲು ಒಂದೇ ಸಮ ಬರಬೇಕಲ್ಲ, ಇನ್ನೊಂದರ ಹೊಲಿಗೆಯನ್ನೂ ಬಿಚ್ಚಿದೆ. ಸುತ್ತ ಪಿನ್ನು ಚುಚ್ಚುತ್ತ ಬಂದೆ. ಸಾಹೇಬರ ಕಾಲುಚೀಲದಲ್ಲಿ ತೂತಿತ್ತು.

ಅಷ್ಟರಲ್ಲಿ ಎಲ್ಲರೂ ಕೆಳಗೆ ಬಂದರು. ಬ್ಯಾಂಕಿನವರು, ಕೊಳ್ಳುವ ದಪ್ಪ ಮನುಷ್ಯ, ಹಿಂದೆ ಹಲ್ಲು ಬಿಡುತ್ತ ಕಟ್ಟಡದ ಯಜಮಾನರು. ಮೇಜಿನ ಮೇಲೆ ಪ್ರತಿಮೆಯ ಹಾಗೆ ನಿಂತ ಅಧಿಕಾರಿಯನ್ನು ಎಲ್ಲರೂ ಕತ್ತೆತ್ತಿ ನೋಡಿದರು.

"ಇದು ಆಲ್ಟ್ರೇಷನ್ ವಿಭಾಗ," ಎಂದರು ಸಾಹೇಬರು ಮೇಲಿನಿಂದ. "ಈಗಲೂ ನಡೀತಿದೆ."

ದಪ್ಪ ಮನುಷ್ಯ ಕೋಣೆಯನ್ನು ಒಂದು ಸುತ್ತು ನೋಡಿದ. ನಮ್ಮತ್ತೆಯ ಮಷೀನಿನ ಸ್ಟ್ಯಾಂಡನ್ನು ಬೂಟಿನಿಂದ ತಟ್ಟಿದ. "ಇದೆಲ್ಲ ಯಾಕೆ? ಇಲ್ಲಿ ನಾನು ಗೋದಾಮು ಮಾಡ್ತೀನಿ. ಈ ಹಳೇ ಕಬ್ಬಿಣ ಗುಜರಿಗೆ ಹೋಗುತ್ತೆ."

"ನಾವೂ ಅದನ್ನ ಕೆಜಿ ಲೆಕ್ಕದಲ್ಲೇ ಹಿಡಿದಿದ್ದೀವಿ," ಎಂದರು ಬ್ಯಾಂಕಿನವರು.

ಕೆಜಿ ಲೆಕ್ಕ. ನಮ್ಮತ್ತೆ ಕಣ್ಣು ಸುಟ್ಟುಕೊಂಡದ್ದು, ಊರ ಮಕ್ಕಳಿಗೆ ಬಟ್ಟೆ ತೊಡಿಸಿದ್ದು, ನಾವು ಒಂಬತ್ತು ಮನೆ ನಡೆಸಿದ್ದು, ಎಲ್ಲ ಗುಜರಿ. ಇವರಿಗೆ ಬೇಕಾಗಿಯೂ ಇರಲಿಲ್ಲ. ಬೇಡದ್ದನ್ನು ಹಿಡಿದುಕೊಂಡು ನಮ್ಮನ್ನು ಅಷ್ಟು ದಿನ ಮೆಟ್ಟಿಲ ಮೇಲೆ ಕೂರಿಸಿದ್ದರು. ನಾನು ಬಾಯಲ್ಲಿದ್ದ ಪಿನ್ನುಗಳನ್ನು ಅಂಗೈಗೆ ಉಗುಳಿದೆ.

ಮಷೀನಿನ ಹತ್ತಿರ ಹೋಗಿ ಉಗುರು ಹಾಕಿ ಸ್ಟಿಕ್ಕರ್ ಎಬ್ಬಿಸಿದೆ. ಗುಂಡಿ ಅಂಟಿಸಿದ ಟೇಪಿನ ಸಮೇತ ಇಡಿಯಾಗಿ ಎದ್ದು ಬಂತು. ತಂದು ಮೇಜಿನ ಮೇಲಿದ್ದ ಸಾಹೇಬರ ಪ್ಯಾಂಟಿಗೆ, ಮೊಣಕಾಲಿನ ಮೇಲೆ ಸರಿಯಾಗಿ ಒತ್ತಿ ಅಂಟಿಸಿದೆ.

"ಏಯ್! ಏನಿದು?"

"ಸ್ಟಿಕ್ಕರ್ ಇರೋದೆಲ್ಲ ಕಂಪನಿ ಆಸ್ತಿ ಅಂತ ನೀವೇ ಹೇಳಿದ್ರಿ. ಈಗ ಪ್ಯಾಂಟು ಕಂಪನೀದು. ಬಿಚ್ಚಿಟ್ಟು ಮನೆಗೆ ಹೋಗಿ."

"ಇದು ನನ್ನ ಪ್ಯಾಂಟು!"

"ರಸೀದಿ ಇದೆಯಾ?"

ಗುಂಡಿ ಮೊದಲು ನಕ್ಕಳು. ಆಮೇಲೆ ಉಳಿದ ಏಳೂ ಜನ. ನನಗೆ ನಗು ಬರಲಿಲ್ಲ. ಸಾಹೇಬರು ಇಳಿಯಲು ಕಾಲು ಮಡಿಸಿದರು, ಪಿನ್ನು ಚುಚ್ಚಿತು, ಅಯ್ಯೋ ಎಂದು ಮತ್ತೆ ನೆಟ್ಟಗೆ ನಿಂತರು. ಚುಚ್ಚಲಿ ಎಂದೇ ಹಾಗೆ ಚುಚ್ಚಿದ್ದೆನಾ? ಯಾರಾದರೂ ಗೌರವಸ್ಥರು ಕೇಳಿದರೆ ಹೇಳುತ್ತೇನೆ.

ತಿರುಪು ಬಿಚ್ಚಿ ಮಷೀನಿನ ತಲೆಯನ್ನು ನಾನು ಕಂಕುಳಿಗೆ ಎತ್ತಿಕೊಂಡೆ. ಸ್ಟ್ಯಾಂಡನ್ನು ಗುಂಡಿಯೂ ಮತ್ತೊಬ್ಬಳೂ ಹಿಡಿದರು. "ನಿಲ್ಲಿಸಿ, ತಡೆಯಾಜ್ಞೆ ಇದೆ, ನ್ಯಾಯಾಲಯಕ್ಕೆ ಹೇಳ್ತೀನಿ," ಎಂದು ಸಾಹೇಬರು ಮೇಜಿನ ಮೇಲಿಂದ ಕೂಗಿದರು. ಹೇಳಲಿ. ನಾವು ಹಿಂದಿನ ಮೆಟ್ಟಿಲಿನ ಕಡೆ ತಿರುಗಲಿಲ್ಲ. ಒಳಗಿನಿಂದ ಅಂಗಡಿಗೆ ಹತ್ತಿ, ಕನ್ನಡಿಗಳ ನಡುವೆ ನಡೆದು, ಮುಂದಿನ ಬಾಗಿಲಿಗೆ ಬಂದೆವು. ಮುಂದೆ ಗಿರಾಕಿಗಳ ಮೆಟ್ಟಿಲು. ಬಿಳಿ ಕಲ್ಲು, ಫಳಫಳ ಹೊಳೆಯುತ್ತಿತ್ತು. ಎಷ್ಟೋ ವರ್ಷ ಆ ಕಟ್ಟಡದಲ್ಲಿ ದುಡಿದೂ ನಾನು ಅದರ ಮೇಲೆ ಕಾಲಿಟ್ಟಿರಲಿಲ್ಲ.

ಹಿಂದಿನಿಂದ ಎಲ್ಲರೂ ಓಡಿ ಬಂದರು. ಸಾಹೇಬರೂ ಹೇಗೋ ಇಳಿದು, ಮುಳ್ಳು ತುಳಿದವರ ಹಾಗೆ ಹೆಜ್ಜೆ ಇಡುತ್ತ ಬಂದರು. ಎಲ್ಲರಿಗಿಂತ ಮುಂದೆ ಕಟ್ಟಡದ ಯಜಮಾನರು. ಸ್ಟ್ಯಾಂಡು ಅವರ ಬಿಳಿ ಕಲ್ಲಿನ ಮೇಲೆ ಓಲಾಡುವುದನ್ನು ಕಂಡು ಅವರ ಜೀವ ಬಾಯಿಗೆ ಬಂತು.

"ಏ ಪಿನ್ನಕ್ಕ! ನಿನ್ನ ಮಷೀನು ನನ್ನ ಮೆಟ್ಟಿಲಿಗೆ ತಾಗೀತು! ಹಿಂದಿನ ಮೆಟ್ಟಿಲು ಒಡೆದಾಗ ನಿನ್ನ ಹತ್ರ ವಸೂಲಿ ಮಾಡಿದ್ದು ಮರೆತು ಹೋಯ್ತಾ? ಇದನ್ನೂ ಒಡೆದ್ರೆ ಮತ್ತೆ ನಿನ್ನಿಂದಾನೇ ವಸೂಲಿ ಮಾಡ್ತೀನಿ!"

ಎಲ್ಲರೂ ಅಲ್ಲಲ್ಲೇ ನಿಂತರು. ಯಜಮಾನರ ಬಾಯಿ ಇನ್ನೂ ತೆರೆದೇ ಇತ್ತು. ತಾವು ಹೇಳಿದ್ದು ಏನೆಂದು ಅವರಿಗೇ ಈಗ ಕೇಳಿಸುತ್ತಿತ್ತು.

ನಾನು ತಿರುಗಿ ಸಾಹೇಬರನ್ನು ನೋಡಿದೆ. "ಯಾರ ಮಷೀನು ಅಂದ್ರು ಸಾರ್? ನಂಗೆ ಸರಿಯಾಗಿ ಕೇಳಿಸಲಿಲ್ಲ."

"ನಮ್ಮ ಹತ್ರಾನೂ ತಗೊಂಡಿದ್ದಾರೆ ಸಾರ್," ಎಂದು ಒಳಗಿಂದ ಒಬ್ಬಳು ಕೂಗಿದಳು. "ಒಬ್ಬೊಬ್ಬರ ಹತ್ರಾನೂ." ಅಷ್ಟರಲ್ಲಿ ಉಳಿದ ಹೆಂಗಸರೂ ಉಗುರು ಹಾಕಿ ಸ್ಟಿಕ್ಕರ್ ಕೀಳಲು ಶುರು ಮಾಡಿದ್ದರು.

ಬ್ಯಾಂಕಿನವರು ಸಾಹೇಬರ ಮುಖ ನೋಡಿದರು. ದಪ್ಪ ಮನುಷ್ಯ ಗಡಿಯಾರ ನೋಡಿಕೊಂಡ. ತಡೆಯಾಜ್ಞೆ ಸಾಹೇಬರು ಮೊಣಕಾಲಿನ ಮೇಲಿನ ಸ್ಟಿಕ್ಕರನ್ನು ಕೀಳಲು ನೋಡಿದರು, ಗುಂಡಿಯ ಟೇಪು ಬಿಡಲಿಲ್ಲ. ಕೊನೆಗೆ ಯಾರ ಮುಖವನ್ನೂ ನೋಡದೆ, "ಹೇಳಿಕೆ ಬರೆದುಕೊಳ್ಳೋಣ. ಕಟ್ಟಡದ ಮಾಲೀಕರು ಸಹಿ ಹಾಕಲಿ," ಎಂದರು. ಗೌರವಸ್ಥರ ಸಹಿ. ಒಂಬತ್ತೂ ಮಷೀನಿಗೆ ಸೇರಿಸಿ ಯಜಮಾನರು ಮುಖ ಹಿಂಡಿಕೊಂಡು ಹಾಕಿದರು. ಸಂಬಳ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಅವತ್ತಿನ ಕೂಲಿಯನ್ನೂ ಕೊಡಲಿಲ್ಲ, ನಾವು ಕೇಳಲೂ ಇಲ್ಲ. ದಪ್ಪ ಮನುಷ್ಯ ಕಂಪನಿಯನ್ನು ಕೊಳ್ಳಲಿಲ್ಲ. ಯಜಮಾನರು ಈಗಲೂ ಹಿಂದಿನ ಮೆಟ್ಟಿಲ ಮೇಲೆ ಕೂತಿರುತ್ತಾರಂತೆ, ಒಬ್ಬರೇ.

ಮನೆಯಲ್ಲಿ ಮಷೀನನ್ನು ಅದರ ಮೂಲೆಗೆ ಇಟ್ಟೆವು. ಅತ್ತೆ ಎದ್ದು ಬಂದು ಮೈಯೆಲ್ಲ ಸವರಿ ನೋಡಿದರು. ಸ್ಟಿಕ್ಕರ್ ಇದ್ದ ಜಾಗದಲ್ಲಿ ಬೆರಳು ನಿಂತಿತು.

"ಇದೇನೇ ಅಂಟು?"

"ಕಂಪನಿ ಅತ್ತೆ."

ಅತ್ತೆ ಸೀಮೆಎಣ್ಣೆ ಬಟ್ಟೆ ತಂದು ತಿಕ್ಕಿದರು. ಅಂಟು ಹೋಗುವವರೆಗೂ ತಿಕ್ಕಿ, ಚಕ್ರಕ್ಕೆ ಪಟ್ಟಿ ಏರಿಸಿ, ಸ್ಟೂಲು ಎಳೆದುಕೊಂಡು ಕೂತರು. ನನ್ನ ಕಡೆ ತಿರುಗಿ ಮೂಗು ಅರಳಿಸಿದರು. ಕಣ್ಣು ಮಂಜಾದರೂ ಇಂಥದ್ದು ಕಾಣುತ್ತದೆ ಅವರಿಗೆ. ಮೆಟ್ಟಿಲು ಇಳಿಯುವಾಗ ಸ್ಟ್ಯಾಂಡಿಗೆ ಸಿಕ್ಕಿ ನನ್ನ ಸೀರೆಯ ಅಂಚು ಹರಿದಿತ್ತು.

"ಹತ್ತು," ಎಂದು ಪಕ್ಕದ ಮಣೆ ತೋರಿಸಿದರು.

"ನಾನೇ ಹೊಲ್ಕೋತೀನಿ ಬಿಡಿ ಅತ್ತೆ."

"ಹತ್ತೇ ಅಂದೆ."

ಹತ್ತಿದೆ. ನನ್ನ ಕಾಲ ಹತ್ತಿರ ಬಗ್ಗಿ ಒಬ್ಬರು ಅಂಚು ಮಡಿಸುವುದು ಹೇಗಿರುತ್ತದೆ ಎಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಅತ್ತೆಯ ಬಾಯಲ್ಲಿ ಪಿನ್ನಿತ್ತು. ಬೆರಳು ನಿಧಾನವಾಗಿ ತಡವರಿಸುತ್ತ ಬಂತು. ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೆ. ಎರಡು ಸಲ ಹಿಮ್ಮಡಿಗೆ ಚುಚ್ಚಿದರು. ಅಳುತ್ತ ಅಲ್ಲಾಡಿದೆನೇನೋ, ಅತ್ತೆ ಪಿನ್ನುಗಳ ನಡುವಿನಿಂದಲೇ ಗದರಿದರು.

"ನೆಟ್ಟಗೆ ನಿಲ್ಲೇ."